ಕಫದ ಮೇಷ್ಟ್ರು ಕಾದ ಕೆಮ್ಮು

ಆಸ್ಪತ್ರೆಯ ಐಸಿಯುನಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಫದ ಮೇಷ್ಟ್ರು ಅಂತ. ಪಾಠ ಹೇಳಿದವರೇನಲ್ಲ, ಫಿಸಿಯೋಥೆರಪಿಸ್ಟ್. ಇಪ್ಪತ್ತೆರಡು ವರ್ಷದಿಂದ ಪ್ರಜ್ಞೆ ತಪ್ಪಿದವರ ಎದೆ ತಟ್ಟಿ ಕಫ ಸಡಿಲಿಸುವುದೇ ಕಸುಬು. ಊಟಕ್ಕೆ ಕೂತಾಗ ಅದರ ಬಣ್ಣ ವರ್ಣಿಸಿ ಹೆಂಡತಿಯಿಂದ ಮಂಗಳಾರತಿ ಮಾಡಿಸಿಕೊಳ್ಳುವುದು ಹವ್ಯಾಸ.

ಆರನೇ ಮಂಚಕ್ಕೆ ಬಂದವನು ಪೇಂಟರ್. ಮೂರನೇ ಮಹಡಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಎದೆ ತಟ್ಟಿದರೆ ತಲೆಯೊಳಗಿನ ಒತ್ತಡ ಏರೀತೆಂದು, ಮಿದುಳಿನ ಊತ ಇಳಿಯುವವರೆಗೆ ಡಾಕ್ಟರು ಮೇಷ್ಟ್ರಿಗೆ ಅವನ ಮೈ ಮುಟ್ಟಲು ಬಿಡಲಿಲ್ಲ. ಇಂಥ ಪೆಟ್ಟು ಬಿದ್ದವನಿಗೆ ಕೆಮ್ಮುವುದೂ ಮರೆತುಹೋಗುತ್ತದೆ. ಅಷ್ಟರಲ್ಲಿ ಕಫ ಕಟ್ಟಿ ಬಲಗಡೆಯ ಶ್ವಾಸಕೋಶಕ್ಕೆ ನ್ಯುಮೋನಿಯಾ ಹಿಡಿಯಿತು. ಗಾಯದ ಮೇಲೆ ಬರೆ.

ಊತ ಇಳಿದ ದಿನ ಮೇಷ್ಟ್ರು ಕೆಲಸ ಶುರು ಮಾಡಿದರು. ಗಾಜಿನಾಚೆಯಿಂದ ನೋಡಿದ ಅವನ ಅಕ್ಕ ಬಾಗಿಲು ತಳ್ಳಿಕೊಂಡೇ ಬಂದಳು.

“ಸಾಯೋ ಸ್ಥಿತೀಲಿರೋನಿಗೆ ಹೊಡೀತಿದೀರಲ್ರೀ, ಮನುಷ್ಯರಾ ನೀವು?”

ಮೇಷ್ಟ್ರು ಅವಳ ಕೈ ತೊಳೆಸಿ, ಅಂಗೈಯನ್ನು ತಮ್ಮನ ಎದೆಯ ಮೇಲಿರಿಸಿದರು. ಒಳಗೆ ಗೊರಗೊರ.

“ಇದು ಹೊರಗೆ ಬರ್ಲಿಲ್ಲ ಅಂದ್ರೆ ತಲೆ ಉಳಿದ್ರೂ ಪ್ರಯೋಜನ ಇಲ್ಲಮ್ಮ.”

ಮರುದಿನದಿಂದ ಅವಳೇ ಬಾಗಿಲಲ್ಲಿ ಕಾದು, “ಇಷ್ಟು ಹೊತ್ತಾ ಬರೋದು?” ಎಂದು ಜಬರಿಸತೊಡಗಿದಳು.

ಬಿದ್ದ ಹತ್ತನೇ ದಿನ ಪೇಂಟರ್ ಕಣ್ಣು ಬಿಟ್ಟ. ಉಸಿರಾಟದ ಯಂತ್ರಕ್ಕೆ ಜೋಡಿಸಿದ್ದ ಗಂಟಲಿನ ನಳಿಗೆ ತೆಗೆದು ನೋಡೋಣ ಎಂದರು ಡಾಕ್ಟರು. ತಾನಾಗಿ ಕೆಮ್ಮಿದರೆ ಬಚಾವು. ಇಲ್ಲವಾದರೆ ಕುತ್ತಿಗೆಗೆ ತೂತು ಕೊರೆದು ಮತ್ತೆ ಯಂತ್ರಕ್ಕೆ ಹಾಕಬೇಕು. ನಳಿಗೆ ಹೊರಗೆ ಬಂತು. ಅವನು ಕೆಮ್ಮಲಿಲ್ಲ. ಮೇಷ್ಟ್ರು ಅವನ ಕಿವಿಯ ಬಳಿ ಬಗ್ಗಿದರು.

“ಕೆಮ್ಮಪ್ಪಾ,” ಎಂದರು. ಇನ್ನೊಂದು ಸಲ ಎಂದರು.

ಆಮೇಲೆ ಬಂತು ನೋಡಿ, ಮೊದಲು ಸಣ್ಣದೊಂದು, ಅದರ ಬೆನ್ನಿಗೇ ಜೋರಾದದ್ದು. ಕಫ ನೇರವಾಗಿ ಮೇಷ್ಟ್ರ ಅಂಗಿಗೆ. ಅವರು ಒರೆಸಿಕೊಳ್ಳಲೂ ಇಲ್ಲ, ನಕ್ಕುಬಿಟ್ಟರು. ಹೋದ ಜೀವ ಬಂದಂತಾಗಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಒಳಗೆ ಕಾಲಿಡುವಾಗ ಒಡೆದ ದನಿಯೊಂದು ಕೇಳಿಸಿತು. “ಅಕ್ಕಾ, ನೀರು.”

ಹನ್ನೊಂದು ದಿನದಿಂದ ಆ ದನಿಗಾಗಿ ಕಾದವಳು ಚೀಲದಿಂದ ಬಾಟಲಿ ತೆಗೆದೇಬಿಟ್ಟಳು. ಮೇಷ್ಟ್ರು ಬಾಗಿಲಲ್ಲೇ ನಿಂತರು. ನುಂಗಲು ಬರುತ್ತದೋ ಪರೀಕ್ಷಿಸುವ ಮುಂಚೆ ಕೊಟ್ಟರೆ ನೀರು ಶ್ವಾಸಕೋಶಕ್ಕೇ ಇಳಿದೀತು ಎಂದು ಅವಳಿಗೆ ಹೇಳಿದ್ದರು. ಅಕ್ಕನಾದವಳು ಅದನ್ನು ನೆನಪಿಟ್ಟಿರುತ್ತಾಳೆಯೆ?

ಅವಳು ಬಾಟಲಿಯನ್ನು ಹಾಗೇ ಹಿಡಿದು ನಿಂತಳು. ಕಣ್ಣು ತುಂಬಿತ್ತು. ಮತ್ತೆ ಚೀಲದೊಳಗೆ ಹಾಕಿದಳು.

“ಕೊಡಲ್ಲ ಕಣೋ,” ಎಂದಳು. “ಬೇಕಾದ್ರೆ ಬೈಕೋ. ಬೈಯೋಕೆ ನೀನಿದೀಯಲ್ಲ, ಸಾಕು.”