ಟಿಟ್ವಾಳಾದ ಗಿಡ್ಡ ಹಸು

ಕಳೆದ ವಾರ ಲೋಕಲ್ ರೈಲಿನಲ್ಲಿ ಒಬ್ಬಾಕೆ ಹಸಿ ಹುಲ್ಲಿನ ಕಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ಮಳೆಗೆ ನೆನೆದ ಆ ಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಟಿಟ್ವಾಳಾದ ಸಾಲುಮನೆಗಳ ಹಳೇ ಚಾಳಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು.

ಆಗ ನಾನು ಮದುವೆಯಾಗಿ ಹೊಸದಾಗಿ ಬಂದವಳು. ಅಕ್ಕ ಕುಂದಾಪುರದ ಕಡೆಯವರು. ಅವರ ಗಂಡ, ನಾನು ಭಾವ ಎಂದು ಕರೆಯುತ್ತಿದ್ದವರು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಒಂದು ದಿನ ಊರಿಂದ ತೆಂಗಿನಕಾಯಿ ತಂದ ಟೆಂಪೋದಿಂದ ಅಕ್ಕ ತರಿಸಿದ ಮಲೆನಾಡು ಗಿಡ್ಡ ತಳಿಯ ಗಬ್ಬದ ಹಸುವೊಂದು ಇಳಿಯಿತು. ನನ್ನ ಸೊಂಟದೆತ್ತರ! ಚಾಳಿಗೆ ಚಾಳೇ ನಕ್ಕಿತು.

"ಎಂತಕೆ ನಗಾಡ್ತ್ರಿ? ನಮ್ಮ ಅಜ್ಜಿ ಕಾಲದಿಂದ್ಲೂ ಇದೇ ದನ. ಗುಡ್ಡೆಗೆ ಬಿಟ್ರೆ ಸಿಕ್ಕಿದ್ ಮೇದ್ಕಂಡ್ ತಾನೇ ಮನಿಗ್ ಬತ್ತಿತ್" ಎಂದು ಅಕ್ಕ ಗದರಿದರು.

"ಕರು ಹಾಕ್ರೂ ಇದ್ರ್ ಹಾಲ್ ನನ್ನ್ ಮೀಸೆ ಒದ್ದೆ ಮಾಡೂಕೆ ಸಾಕಾತಿಲ್ಲೆ" ಎಂದರು ಭಾವ.

ಹಾಲಿನ ಮಾತು ಹಾಗಿರಲಿ, ಸಾಕುವುದು ಮಾತ್ರ ಸಲೀಸು. ತರಕಾರಿ ಸಿಪ್ಪೆ, ಬಯಲಿನ ಹುಲ್ಲು ಸಾಕು. ಆ ಮಳೆಗಾಲ ಹತ್ತಿರದ ತಬೇಲಾದ, ಅಂದರೆ ಹಾಲಿನವರ ಕೊಟ್ಟಿಗೆಯ, ದೊಡ್ಡ ಹಸುಗಳು ಜ್ವರ ಬಂದು ಮಲಗಿದಾಗಲೂ ಇದು ನೆನೆಯುತ್ತ ಮೆಲುಕು ಹಾಕುತ್ತಿತ್ತು. ಆದರೂ ಭಾವನದು ಒಂದೇ ಹಟ, ಮಳೆ ನಿಂತ ಮೇಲೆ ವಾಪಸ್ ಊರಿಗೆ ಕಳಿಸುವುದೇ ಸೈ ಎಂದು. ಅಕ್ಕ ಗಂಡನೊಡನೆ ಮಾತು ಬಿಟ್ಟರು...

ಒಂದು ಸಂಜೆ ಹಸು ಮನೆಗೆ ಬರಲಿಲ್ಲ. ಹೊರಗೆ ಸುರಿಯುವ ಮಳೆ, ಹತ್ತಿರದಲ್ಲೇ ರೈಲು ಹಳಿ. ಮೊದಲು ಹುಡುಕಲು ಓಡಿದವರು ಭಾವ! ನಾವಿಬ್ಬರೂ ಹಿಂದೆ ಹೋದೆವು. ಲೋಕಲ್‌ನ ಹಾರ್ನ್ ಕೇಳಿದಾಗಲೆಲ್ಲ ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿಯುತ್ತಿದ್ದರು.

ಕೊನೆಗೆ ಅರ್ಧ ಕಟ್ಟಿದ ಬಿಲ್ಡಿಂಗ್ ಒಂದರ ಹಿಂದೆ ಸಿಕ್ಕಿತು. ಯಾರ ನೆರವೂ ಇಲ್ಲದೆ ಕರು ಹಾಕಿ, ನೆಕ್ಕಿ, ಎಬ್ಬಿಸಿ ನಿಲ್ಲಿಸಿಯೂ ಆಗಿತ್ತು. ಭಾವ ತಮ್ಮ ರೇನ್‌ಕೋಟ್ ಬಿಚ್ಚಿ ಕರುವಿಗೆ ಹೊದಿಸಿ ಎತ್ತಿಕೊಂಡರು. ತುಸು ದೂರ ಹೋಗುವಷ್ಟರಲ್ಲಿ ಜಾರಿ ಕೆಸರಲ್ಲಿ ಕೂತರು. ಕರುವನ್ನು ಮಾತ್ರ ಬಿಡಲಿಲ್ಲ. ಅಕ್ಕ ಅಳುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಆಮೇಲೆ ಊರಿಗೆ ಕಳಿಸುವ ಸುದ್ದಿಯೇ ಇಲ್ಲ. ಒಂದೇ ಬಟ್ಟಲು ಗಿಣ್ಣು ಮಾಡಿ, ಭಾವ ಇಡೀ ಚಾಳಿಗೆ ಚಮಚದಲ್ಲಿ ಹಂಚಿದರು.

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಚಾಳಿದ್ದ ಜಾಗದಲ್ಲಿ ಈಗ ಬಹುಮಹಡಿ ಟವರ್. ಆ ಹಸುವಿನ ಸಂತತಿಯನ್ನು ಭಾವ ಮುರಬಾಡ್ ಕಡೆಯ ರೈತರೊಬ್ಬರ ಹತ್ತಿರ ಬಿಟ್ಟಿದ್ದಾರೆ. ಈ ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಹೊಸ ಕರುವೊಂದು ನಮ್ಮ ಸುತ್ತ ಕುಣಿಯುತ್ತಿತ್ತು.

"ಹೆಸ್ರ್ ಇಡೂದ್ ಅವಳ್ ಕೆಲ್ಸ ಆಗಿತ್ತ್. ಈಗ ನೀನೇ ಒಂದ್ ಹೇಳ್ ಮಾರಾಯ್ತಿ" ಎಂದರು.

ನನಗೆ ಹೊಳೆದದ್ದು ಅಕ್ಕನ ಹೆಸರೊಂದೇ. ಹೇಳದೆ, ಒಂದೆಳೆ ಹುಲ್ಲು ಕಿತ್ತು ಕರುವಿನತ್ತ ಹಿಡಿದೆ. ಭಾವ ನನ್ನ ಮುಖ ನೋಡಿ ನಕ್ಕುಬಿಟ್ಟರು.

"ಅದ್ ಬ್ಯಾಡ. ದನಕ್ಕೆ ನನ್ನ್ ಹೆಸ್ರಾ ಅಂದೇಳಿ ಅವಳ್ ಬೈತ್ಲ್."

ಆಮೇಲೆ ಕರುವಿನ ಕಿವಿಯ ಬುಡ ತುರಿಸುತ್ತ ಬಹಳ ಹೊತ್ತು ತಲೆ ಎತ್ತಲಿಲ್ಲ.