ಕಣ್ಣಂಚಿಗೆ ಸಿಗುವ ಮಿನುಗು

ಅವರ ಬಲಗೈ ಹೆಬ್ಬೆರಳಿನ ಉಗುರು ಕಾಲಿಂಚು ಉದ್ದವಿತ್ತು. ಹಳದಿಗಟ್ಟಿ, ಒಂದು ಮಗ್ಗುಲು ಸವೆದು, ತೆಂಗಿನ ಚಿಪ್ಪಿನ ಚೂರಿನಷ್ಟು ಗಟ್ಟಿಯಾಗಿತ್ತು. ಮಾನಿಟರ್ ಬಿಚ್ಚಬೇಕಾದಾಗ ಆ ಉಗುರನ್ನು ಅಂಚಿನ ಸಂದಿಗೆ ತೂರಿಸಿ ಒಂದು ಸುತ್ತು ಎಳೆದರೆ ಸಾಕು, ಚೌಕಟ್ಟು ಟಕಟಕನೆ ಬಿಟ್ಟುಕೊಳ್ಳುತ್ತಿತ್ತು. ಸ್ಕ್ರೂಡ್ರೈವರ್ ತೂರಿಸಿದರೆ ಪ್ಲಾಸ್ಟಿಕ್ಕಿಗೆ ಗೀರು ಬೀಳುತ್ತದೆಂದು ಅವರು ಅದನ್ನು ಆ ಕೆಲಸಕ್ಕೆ ಮುಟ್ಟುತ್ತಲೇ ಇರಲಿಲ್ಲ. "ಹಲ್ಲು ಕೀಳೋಕೆ ಹೋಗಿ ಕೆನ್ನೆ ಹರಿದ ಹಾಗಾಗ್ತದೆ" ಎನ್ನುತ್ತಿದ್ದರು. ಪಕ್ಕದಲ್ಲೇ ಹಲ್ಲಿನ ಕ್ಲಿನಿಕ್ ಇದ್ದುದರಿಂದ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದರು.

ತುಮಕೂರಿನ ಬಟವಾಡಿಯಲ್ಲಿ, ಹೆದ್ದಾರಿ ಮಗ್ಗುಲಿನ ಗಲ್ಲಿಯಲ್ಲಿ ಅವರ ಅಂಗಡಿ. ಡಬ್ಬಾ ಟೀವಿಗಳ ಕಾಲದಿಂದ ಪರದೆ ರಿಪೇರಿ ಮಾಡುತ್ತಾ ಬಂದವರು, ಕೊನೆಕೊನೆಗೆ ಗೇಮಿಂಗ್ ಮಾನಿಟರ್‌ಗಳಿಗೆ ಬಂದು ನಿಂತಿದ್ದರು. ಎಲ್ಲರಿಗೂ ಅವರು ಮಾನಿಟರ್ ಚಾಚಾ. ನನಗೆ ಬರೀ ಚಾಚಾ.

ನಾನಾಗ ಸದಾಶಿವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟು ಗೇಮಿಂಗ್ ಸೆಂಟರ್ ತೆರೆದ ಹೊಸತು. ಸೆಕೆಂಡಿಗೆ ನೂರಾ ನಲವತ್ತನಾಲ್ಕು ಸಲ ಚಿತ್ರ ಬರೆಯುವ ಮಾನಿಟರ್‌ಗಳೆಂದು ಬೋರ್ಡಿನಲ್ಲೇ ಬರೆಸಿದ್ದೆ. ಆಡಲು ಬಂದವರು ಮಾತ್ರ "ಅಕ್ಕಾ, ಇದು ಎತ್ತಿನಗಾಡಿ ಥರ ಎಳೀತದೆ" ಎಂದು ನಗುತ್ತಿದ್ದರು. ಒಂದು ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೊದಲ್ಲಿ ಅವರ ಅಂಗಡಿಗೆ ಒಯ್ದೆ.

"ಪ್ಯಾನೆಲ್ ಹೋಗಿದೆ ಅನ್ಸುತ್ತೆ" ಎಂದೆ.

"ಏನು ಹೋಗಿದೆ ಅಂತ ಹೇಳ್ಬೇಡಮ್ಮ, ಅದು ನನ್ನ ಕೆಲಸ. ನಿನಗೇನು ಕಾಣ್ತು, ಅಷ್ಟು ಹೇಳು."

ಅವರ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ನೀರು ಹರಿದ ಹಾಗೆ ಓಡಿತು. ಕಾಯಿಲೆ ನನ್ನ ಮನೆಯಲ್ಲಿದೆ ಎಂದವರು ಮರುದಿನ ಸಿಟಿ ಬಸ್ಸು ಹತ್ತಿ ತಾವೇ ಬಂದರು. ಖಾಲಿ ಪರದೆಯ ಮೇಲೆ ಮೌಸಿನ ಬಾಣವನ್ನು ಗಿರ್ರನೆ ತಿರುಗಿಸಿದರು. "ನೋಡು, ಒಂದು ಬಾಣಕ್ಕೂ ಇನ್ನೊಂದಕ್ಕೂ ಎಷ್ಟು ಸಂದಿ!" ಸೆಟ್ಟಿಂಗ್ ತೆರೆದರೆ ಅರವತ್ತು ಅಂತಿತ್ತು. ನೂರಾ ನಲವತ್ತನಾಲ್ಕಕ್ಕೆ ಹಾಕಿ ಮತ್ತೆ ತಿರುಗಿಸಿದರು. ಸಂದಿಗಳು ಕೂಡಿಕೊಂಡವು.

"ಕುದುರೇನ ಗೂಟಕ್ಕೆ ಕಟ್ಟಿ, ಓಡ್ತಿಲ್ಲ ಅಂತ ಬೈತಿದ್ಯಲ್ಲ ಬೇಟಿ!"

ನಾನು ಕೊಟ್ಟ ಟೀ ಆರುವುದರೊಳಗೆ ಆರೂ ಕುದುರೆಗಳನ್ನು ಬಿಚ್ಚಿ ಹೋದರು.

ಅಂದಿನಿಂದ ಬೆಳಗಿನ ಹೊತ್ತು, ನನ್ನ ಸೆಂಟರ್ ತೆರೆಯುವ ಮುಂಚೆ, ಅವರ ಅಂಗಡಿಯ ಸ್ಟೂಲಿನ ಮೇಲೆ ಹೋಗಿ ಕೂರುವುದು ರೂಢಿಯಾಯಿತು. ಅವರಿಗೊಂದು ಕ್ರಮವಿತ್ತು. ಮೊದಲು ತಂತಿ ಬದಲಿಸು, ಆಮೇಲೆ ಸೆಟ್ಟಿಂಗ್ ನೋಡು, ಆಮೇಲೆ ಗ್ರಾಫಿಕ್ಸ್ ಕಾರ್ಡು. ಇದೆಲ್ಲ ಮುಗಿದ ಮೇಲೆ, ಬೇರೆ ದಾರಿಯೇ ಇಲ್ಲದಿದ್ದರೆ, ಪ್ಯಾನೆಲ್ ಮೇಲೆ ಅನುಮಾನ ಪಡು. ವಸಂತನರಸಾಪುರದ ಫ್ಯಾಕ್ಟರಿ ನೌಕರನೊಬ್ಬನ ಪರದೆ ಆಗಾಗ ಕಪ್ಪಾಗಿ ಮತ್ತೆ ಬರುತ್ತಿತ್ತು. ಎರಡು ಅಂಗಡಿಯವರು ಹೊಸ ಪ್ಯಾನೆಲ್ ಹಾಕಬೇಕೆಂದಿದ್ದರು. ಚಾಚಾ ಒಂದು ಒಳ್ಳೆಯ ತಂತಿ ಹಾಕಿ ಕಳಿಸಿದರು. "ಪ್ಯಾನೆಲ್ ಹೋಯ್ತು ಅನ್ನೋನು ಸೋಮಾರಿ ಕಣಮ್ಮ. ಅಷ್ಟು ಸುಲಭಕ್ಕೆ ಹೋಗಲ್ಲ ಅದು."

ಇನ್ನೊಂದು ವಿದ್ಯೆ ಅವರದೇ. ಪರದೆ ಮಿನುಗುತ್ತದೆ ಎಂದು ಯಾರಾದರೂ ತಂದರೆ, ಅವರು ಅದನ್ನು ನೇರವಾಗಿ ನೋಡುತ್ತಿರಲಿಲ್ಲ. ಪರದೆಯನ್ನು ಪಕ್ಕಕ್ಕಿಟ್ಟು, ಮುಖವನ್ನು ರಸ್ತೆಯ ಕಡೆ ತಿರುಗಿಸಿ, ಹೋಗಿ ಬರುವ ಲಾರಿಗಳನ್ನು ನೋಡುತ್ತಾ ಕೂರುತ್ತಿದ್ದರು. ಬಂದವರು ಈ ಮುದುಕ ಕೆಲಸ ಮರೆತನೆಂದೇ ತಿಳಿಯುತ್ತಿದ್ದರು. "ಮಿನುಗು ಎದುರಿಗೆ ನಿಂತು ನೋಡಿದ್ರೆ ಸಿಗಲ್ಲ. ಕಣ್ಣಂಚಿಗೆ ಸಿಗ್ತದೆ" ಎಂದು ನನಗೂ ಕಲಿಸಿದರು. ನಿಜ. ನೇರ ನೋಡಿದರೆ ಶಾಂತವಾಗಿರುವ ಪರದೆ, ಕಣ್ಣಂಚಿನಲ್ಲಿ ಪತಂಗದ ರೆಕ್ಕೆಯಂತೆ ಪಟಪಟಿಸುವುದನ್ನು ನಾನೂ ಕಂಡೆ.

ಮೂರು ವರ್ಷ ಹೀಗೆ ಕಳೆಯಿತು. ಆಮೇಲೆ ಕೆಲವು ಸಣ್ಣಪುಟ್ಟ ಸಂಗತಿಗಳು ಶುರುವಾದವು. ಪಕ್ಕದಲ್ಲಿಟ್ಟ ಟೀ ಲೋಟಕ್ಕೆ ಕೈ ತಗಲಿ ಉರುಳುತ್ತಿತ್ತು. ನಾನು ಕೂರುವ ಸ್ಟೂಲನ್ನು ಎಡವುತ್ತಿದ್ದರು. "ಇದಕ್ಕೆ ಕಾಲು ಬಂದವೆ ಕಣಮ್ಮ, ನಡ್ಕೊಂಡು ಬರ್ತದೆ" ಎಂದು ನಗುತ್ತಿದ್ದರು. ನನಗೆ ಅನುಮಾನ ಬಂದಿತ್ತು. ಹಿರಿಯರಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದೆ.

ಒಂದು ಬೆಳಗ್ಗೆ ಗುಬ್ಬಿಯಿಂದ ಒಬ್ಬಾತ ಬಂದ. ಅಲ್ಲಿ ಮೆಡಿಕಲ್ ಸ್ಟೋರ್ ನಡೆಸುವವನು, ಮೂವತ್ತರ ಆಸುಪಾಸು. ಮಾನಿಟರಿನ ಜೊತೆ ಸಿಪಿಯುವನ್ನೂ ಹೊತ್ತು ತಂದಿದ್ದ. ಆಟದಲ್ಲಿ ಕತ್ತಲೆಯ ದೃಶ್ಯ ಬಂದರೆ ಪರದೆ ಮಿನುಗುತ್ತದೆ ಎಂದ. ಚಾಚಾ ತಂತಿ ಬದಲಿಸಿದರು. ಆಟದೊಳಗಿನ ಒಂದು ಗುಹೆಗೆ ಹೋಗಿ ನಿಲ್ಲಿಸಲು ಹೇಳಿ, ಮುಖ ತಿರುಗಿಸಿ ಲಾರಿಗಳನ್ನು ನೋಡುತ್ತಾ ಕೂತರು.

"ನಿಂತೋಗಿದೆಯಲ್ಲಪ್ಪ. ಚೆನ್ನಾಗೈತೆ."

"ಎಲ್ಲಿ ನಿಂತಿದೆ ಚಾಚಾ? ಈಗ್ಲೂ ಹೊಡ್ಕೊಳ್ತಿದೆ ನೋಡಿ!"

"ನಿನ್ನ ಕಣ್ಣಿಗೆ ನಿದ್ದೆ ಸಾಲ್ದು ಕಣಪ್ಪ."

ಅವನು ನನ್ನ ಕಡೆ ತಿರುಗಿದ. "ಅಕ್ಕಾ, ನೀವೇ ಹೇಳಿ. ಕಾಣ್ತಿಲ್ವಾ?"

ಕಾಣುತ್ತಿತ್ತು. ಕಣ್ಣಂಚೂ ಬೇಕಿರಲಿಲ್ಲ, ನೇರವಾಗಿಯೇ ಕಾಣುತ್ತಿತ್ತು. ಚಾಚಾ ಪರದೆಯ ಕಡೆ ತಿರುಗದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬಂದ ಗಿರಾಕಿಯ ಎದುರು ಆ ಮುಖ ಇಳಿಯುವುದನ್ನು ನೋಡಲಾರೆ ಅನ್ನಿಸಿತು.

"ನನಗೇನೂ ಕಾಣ್ತಿಲ್ಲಪ್ಪ" ಎಂದೆ.

"ಇಬ್ರೂ ಸೇರ್ಕೊಂಡು ನನ್ನ ಹುಚ್ಚನ್ನ ಮಾಡ್ತಿದೀರ" ಎಂದು ಅವನು ಎಲ್ಲ ಎತ್ತಿಕೊಂಡು ಹೊರಟ.

ಅವನು ಗಲ್ಲಿ ದಾಟಿದ ಮೇಲೆ ಚಾಚಾ ತಗ್ಗಿದ ದನಿಯಲ್ಲಿ ಕೇಳಿದರು. "ನಿಜವಾಗ್ಲೂ ಏನೂ ಇರ್ಲಿಲ್ವಾ ಬೇಟಿ?"

"ಇಲ್ಲ ಚಾಚಾ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

ಅವರು ಉಸಿರು ಬಿಟ್ಟರು. "ಹಂಗಾದ್ರೆ ಸರಿ. ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ." ಅಂದು ಟೀ ಜೊತೆ ಬನ್ನನ್ನೂ ತರಿಸಿದರು.

ಆಮೇಲೆ ಅವರು ತಮ್ಮ ಕ್ರಮ ಹಿಡಿದರು. ಅಂಗಡಿಯ ಟ್ಯೂಬ್‌ಲೈಟ್ ಬದಲಿಸಿದರು. ಮೇಜನ್ನು ಬಾಗಿಲ ಬೆಳಕಿಗೆ ಎಳೆದರು. ಎಲ್ಲ ಪರದೆಗಳ ಬ್ರೈಟ್‌ನೆಸ್ ಏರಿಸಿದರು. ರಸ್ತೆ ಬದಿಯಲ್ಲಿ ಹೊಸ ಕನ್ನಡಕ ಕೊಂಡರು, ಅದು ಸರಿಯಿಲ್ಲವೆಂದು ಇನ್ನೊಂದು. ಕಣ್ಣಿನ ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ ಉಳಿಯಿತು. ಆ ಸರದಿ ಬಂದದ್ದು ಒಂಬತ್ತು ತಿಂಗಳಾದ ಮೇಲೆ, ನಡೆಯುತ್ತಾ ಹೋಗಿ ಪಕ್ಕದ ತೆರೆದ ಚರಂಡಿಗೆ ಬಿದ್ದಾಗ. ಆಸ್ಪತ್ರೆಯಲ್ಲಿ ನಾನೂ ಇದ್ದೆ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಈ ಕಾಯಿಲೆ ಕಣ್ಣಂಚಿನಿಂದ ತಿನ್ನುತ್ತಾ ಒಳಗೆ ಬರುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. "ವರ್ಷದ ಹಿಂದೆ ಬಂದಿದ್ರೆ ಡ್ರಾಪ್ಸ್ ಹಾಕಿ ಬಹಳಷ್ಟು ಉಳಿಸ್ಕೋಬಹುದಿತ್ತು. ಯಾರೂ ಗಮನಿಸಲಿಲ್ವಾ?" ಎಂದು ಸುತ್ತ ನೋಡಿದರು. ನಾನು ನೆಲ ನೋಡಿದೆ.

ಅಂಗಡಿ ಮುಚ್ಚಿತು. ಮಗಳು ಅವರನ್ನು ಕುಣಿಗಲ್ಲಿನ ತನ್ನ ಮನೆಗೆ ಕರೆದೊಯ್ದಳು. ಎರಡು ತಿಂಗಳು ಧೈರ್ಯ ಸಾಲದೆ ಕಳೆದು, ಒಂದು ಮಧ್ಯಾಹ್ನ ಹೋದೆ. ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದರು. ನಳಿಗೆಯೊಳಗಿಂದ ನೋಡಿದಷ್ಟು ಕಾಣುತ್ತದೆ ಎಂದರು. ಗುಬ್ಬಿಯವನು ಬಂದ ದಿನದ ಸಂಗತಿ ಎತ್ತಿ, "ಅವತ್ತು ಪರದೆ ಮಿನುಗ್ತಿತ್ತು ಚಾಚಾ. ನಾನು ಸುಳ್ಳು ಹೇಳಿದೆ" ಎಂದೆ.

ಅವರು ಕೇಳಿದ್ದು ಇದು: "ಕತ್ತಲೇಲಿ ಮಾತ್ರಾನಾ, ಬೆಳಕಲ್ಲೂನಾ?"

"ಕತ್ತಲೇಲಿ ಮಾತ್ರ."

"ಹಂಗಾದ್ರೆ ಅದು ಸಿಂಕ್. ಆಟ ನಿಧಾನ ಆದ್ರೆ ಮಾನಿಟರೂ ನಿಧಾನ ಆಗ್ತದೆ, ಜೋರಾದ್ರೆ ಜೋರು. ಕೆಲವು ಪರದೆ ಕತ್ತಲೇಲಿ ಅದನ್ನ ತಡ್ಕೊಳ್ಳಲ್ಲ. ಆಫ್ ಮಾಡಿದ್ರೆ ನಿಲ್ತದೆ, ಒಂದು ನಿಮಿಷದ ಕೆಲಸ. ಅವನಿಗೆ ಹೇಳಿದ್ಯಾ?"

"ಇಲ್ಲ."

"ಪಾಪ, ತಾನೇ ಹುಚ್ಚ ಅಂದ್ಕೊಂಡು ಹೋದ. ಮೊದ್ಲು ಹೋಗಿ ಅವನಿಗೆ ಹೇಳು."

ನಾನು ಎದ್ದೆ. ಬಾಗಿಲ ಹತ್ತಿರ ಬಂದಾಗ ಅವರು ಕಿಟಕಿಯ ಕಡೆಗೇ ಮುಖವಿಟ್ಟು ಹೇಳಿದರು. "ಎರಡು ಸಲ ಕೇಳಿದ್ದೆ ನಿನ್ನ. ಅವನು ಹೋದ ಮೇಲೆ ಕೇಳಿದ್ದೆ. ಆಗ ಅಲ್ಲಿ ಯಾರಿದ್ರು, ನಮ್ಮಿಬ್ರನ್ನ ಬಿಟ್ಟು?"

ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಮರುದಿನವೇ ಗುಬ್ಬಿಗೆ ಹೋದೆ. ಮೆಡಿಕಲ್ ಸ್ಟೋರ್ ಹುಡುಕುವುದು ಕಷ್ಟವಾಗಲಿಲ್ಲ. ಅವನು ಆ ಮಾನಿಟರನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದ. ಧೂಳು ಒರೆಸಿ, ಸಿಕ್ಕಿಸಿ, ಸಿಂಕ್ ಆಫ್ ಮಾಡಿ, ಅದೇ ಗುಹೆಗೆ ಹೋಗಿ ನಿಂತೆವು. ಪರದೆ ಮಿನುಗಲಿಲ್ಲ. "ಇಷ್ಟೇನಾ ಅಕ್ಕಾ?" ಎಂದ. ಅಲ್ಲಿಂದಲೇ ಕುಣಿಗಲ್ಲಿಗೆ ಫೋನ್ ಮಾಡಿದೆ. ಮಗಳು ಫೋನನ್ನು ಅವರ ಕಿವಿಗೆ ಹಿಡಿದಳು.

"ನಿಂತೋಯ್ತು ಚಾಚಾ. ಸರಿಯಾಗಿ ನೋಡಿದೆ."

"ಅವನು ನೋಡಿದ್ನಾ?"

"ನೋಡಿದ."

"ಅವನಿಗೆ ಕೊಡು ಫೋನು."

ಕೊಟ್ಟೆ. ಅವನು ಹ್ಞೂಂ ಚಾಚಾ, ಇಲ್ಲ ಚಾಚಾ, ಈಗ ಹೊಡ್ಕೊಳ್ತಿಲ್ಲ ಎಂದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ಫೋನ್ ಇಟ್ಟಾಗಿತ್ತು.

ಮೂರು ವಾರಕ್ಕೆ ಚಾಚಾ ತೀರಿಹೋದ ಸುದ್ದಿ ಬಂತು, ಎದೆನೋವು. ಕುಣಿಗಲ್ಲಿಗೆ ಹೋದೆ. ಗಂಡಸರು ಅವರನ್ನು ಹೊತ್ತು ಖಬರಸ್ತಾನಕ್ಕೆ ನಡೆದ ಮೇಲೆ ನಾನು ಹೆಂಗಸರಿದ್ದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಳುತ್ತಿದ್ದ ಮಗಳು ನನ್ನನ್ನು ಕಂಡು, ಪಕ್ಕದ ಮುದುಕಿಗೆ ಮನೆಯ ಉರ್ದುವಿನಲ್ಲಿ ನಾನು ಯಾರೆಂದು ತಿಳಿಸಿದಳು. ನನಗೆ ಅರ್ಥವಾಗುವಷ್ಟು ಬರುತ್ತದೆ. ತುಮಕೂರಿನವರು, ನಮ್ಮ ಅಬ್ಬಾ ಇವರ ಮಾತನ್ನು ಬಹಳ ನಂಬುತ್ತಿದ್ದರು ಎಂದಳು.

ಮುದುಕಿ ಸರಿದು, ಚಾಪೆಯ ಮೇಲೆ ನನಗೆ ಜಾಗ ಮಾಡಿಕೊಟ್ಟರು.