ಅವ್ವ ಕೊಟ್ಟ ರಕ್ತ

ನಮ್ಮ ಕಡೆ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಬಸುರಿಗೆ ತೊಡಿಸಿದ ಹಸಿರು ಬಳೆಗಳನ್ನು ಹೆರಿಗೆಯ ತನಕ ಒಡೆಯುವಂತಿಲ್ಲ. ನನ್ನ ಅಕ್ಕನ ಬಳೆಗಳನ್ನು ಅವ್ವನೇ ದುರ್ಗದಬೈಲಿನ ಪೇಟೆಯಲ್ಲಿ ಆರಿಸಿ ತಂದಿದ್ದಳು. ಎಂಟನೇ ತಿಂಗಳಲ್ಲಿ ಅವು ಊದಿದ ಮುಂಗೈಯಲ್ಲಿ ಹೂತುಹೋದವು. ಮುಖವೂ ಊದಿತ್ತು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಹೆಂಗಸರು ಅದನ್ನು ಬಸಿರಿನ ಕಳೆ ಎಂದುಕೊಂಡು ದೃಷ್ಟಿ ತೆಗೆದರು. ತಲೆ ಸಿಡಿಯುತ್ತದೆ ಎಂದರೆ ಅವ್ವ ಹಣೆಗೆ ಸುಂಠಿ ಹಚ್ಚಿದಳು. ದವಾಖಾನೆ ಮುಟ್ಟುವಾಗ ಅಕ್ಕನಿಗೆ ಫಿಟ್ಸ್ ಶುರುವಾಗಿತ್ತು. ಸೂಜಿಗೆ ನರ ಸಿಗದೆ ನರ್ಸ್ ಬಳೆ ಒಡೆಯಲು ಹೋದರೆ ಅವ್ವ ಆಕೆಯ ಕೈ ಹಿಡಿದಳು. ಅಕ್ಕನನ್ನು ಆ ಬಳೆಗಳೊಂದಿಗೇ ಮಣ್ಣು ಮಾಡಿದೆವು. ಕೂಸು ಹೊಟ್ಟೆಯಲ್ಲೇ ಇತ್ತು.

ಅಕ್ಕನನ್ನು ಕೊಟ್ಟದ್ದು ಸೋದರಮಾವನಿಗೆ, ಅವ್ವನ ಸ್ವಂತ ತಮ್ಮನಿಗೆ. ಹೀಗಾಗಿ ನಿಮ್ಮ ರಕ್ತವೇ ಸರಿಯಿಲ್ಲ ಎಂದು ಬೈಯಲು ನಮಗೆ ಬೇರೆ ಬೀಗರೇ ಇರಲಿಲ್ಲ. ಅವ್ವ, ಮಾವ ಇಬ್ಬರೂ ಒಬ್ಬರೊಂದಿಗೊಬ್ಬರು ಮಾತು ಬಿಟ್ಟರು.

ನನ್ನನ್ನು ಹೊರಗಿನ ಸಂಬಂಧಕ್ಕೆ, ಬೈರಿದೇವರಕೊಪ್ಪಕ್ಕೆ ಕೊಟ್ಟರು. ನಾನು ಬಸುರಾದಾಗ ತೋರಿಸಿಕೊಳ್ಳುತ್ತಿದ್ದ ಡಾಕ್ಟರಮ್ಮ ಅಕ್ಕನಿಗೆ ಬಂದಂಥ ಬಸಿರುನಂಜು, ಅಂದರೆ ಬಿ.ಪಿ. ಏರಿ ಮೈ ಊದಿ ಫಿಟ್ಸ್ ಬರುವ ರೋಗ, ಕಂಡ ಮನೆತನಗಳ ರಕ್ತವನ್ನು ಸಂಶೋಧನೆಗೆಂದು ಕೂಡಿಸುತ್ತಿದ್ದರು. ರಕ್ತದ ಕೆಲವು ಪ್ರೋಟೀನುಗಳು ಏರುಪೇರಾದದ್ದರಿಂದ ನಂಜು ಬಂತೋ, ನಂಜು ಬಂದದ್ದರಿಂದ ಅವು ಏರುಪೇರಾದವೋ ತಿಳಿಯುವುದಿಲ್ಲವಂತೆ. ಹುಟ್ಟಿನೊಂದಿಗೆ ಬಂದ ವಂಶವಾಹಿಯನ್ನು ರೋಗ ಬದಲಿಸಲಾರದು. ಅದನ್ನು ಹಿಡಿದು ಹೋದರೆ ಯಾವುದು ಮೊದಲು ಎಂಬುದು ಗೊತ್ತಾದೀತು ಎಂದರು. ಅಕ್ಕನ ಕೂಸಿನಲ್ಲಿ ತಂದೆಯ ಪಾಲೂ ಇದ್ದುದರಿಂದ ಮಾವನೂ ಬರಬೇಕಾಯಿತು. ಅವ್ವ, ಮಾವ ಒಂದೇ ಬೆಂಚಿನ ಮೇಲೆ, ಒಬ್ಬರ ಮುಖ ಒಬ್ಬರು ನೋಡದೆ, ತೋಳು ಚಾಚಿದರು.

"ಡಾಕ್ಟರ್ ಬಾಯಾರ, ಇದು ನನ್ನಿಂದ ಬಂದೈತೋ ನನ್ನ ತಮ್ಮನಿಂದ ಬಂದೈತೋ, ಅಷ್ಟ ಹೇಳ್ರಿ," ಎಂದಳು ಅವ್ವ.

ಒಂದು ಮನೆಯ ರಕ್ತದಿಂದ ಹಾಗೆ ಹೇಳಲಾಗದು, ಸಾವಿರಾರು ಜನರದ್ದು ಕೂಡಿಸಬೇಕು, ವರ್ಷಗಳೇ ಹಿಡಿಯುತ್ತವೆ ಎಂದು ಡಾಕ್ಟರಮ್ಮ ಸಮಾಧಾನದಿಂದ ತಿಳಿಸಿದರು.

"ಅಷ್ಟರಾಗ ಇಕಿ ಹಡದು ಮುಗದಿರತೈತ್ರಿ."

ಅಂದಿನಿಂದ ಅವ್ವ ನಮ್ಮ ಮನೆಯಲ್ಲೇ ಬಂದು ಉಳಿದಳು. ಎದ್ದ ಕೂಡಲೇ ನನ್ನ ಕಣಕಾಲಿಗೆ ಹೆಬ್ಬೆರಳು ಒತ್ತಿ ನೋಡುವಳು. ನಾನು ಕಾಲು ಎಳೆದುಕೊಳ್ಳುತ್ತಿದ್ದೆ. ಸಿಟ್ಟಲ್ಲ, ಹೆದರಿಕೆ. ಕುಬಸ ಬೇಡವೆಂದರೂ ನನ್ನ ಅತ್ತೆ ಕೇಳಲಿಲ್ಲ. ಹಸಿರು ಬಳೆ ತೊಡಿಸಿಯೇ ಬಿಟ್ಟರು. ಅದಾದ ಮೇಲೆ ಒಂದು ಬೆಳಿಗ್ಗೆ ಒತ್ತಿದಲ್ಲಿ ಕುಳಿ ಬಿತ್ತು, ತುಂಬಿಕೊಳ್ಳಲಿಲ್ಲ. ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ತಂದು, ನನ್ನ ಕೈಯನ್ನು ಹೊಸ್ತಿಲ ಮೇಲಿಟ್ಟು ಬಳೆಗಳನ್ನೆಲ್ಲ ಒಡೆದಳು. ಅತ್ತೆ ಶಿವಶಿವಾ ಎನ್ನುತ್ತ ಮುಖ ತಿರುಗಿಸಿದರು.

ದವಾಖಾನೆಯಲ್ಲಿ ಆ ಮುಂಗೈಗೇ ಸಲಾಯಿನ್ ಹಚ್ಚಿದರು. ನಾನು ಉಳಿದೆ, ಕೂಸು ಉಳಿಯಲಿಲ್ಲ.

ರಕ್ತ ಕೂಡಿಸಿ ನೋಡುವ ಕೆಲಸ ಇನ್ನೂ ಮುಗಿದಿಲ್ಲ. ಡಾಕ್ಟರಮ್ಮ ಸಿಕ್ಕರೆ ಅವ್ವ ನಮಸ್ಕಾರ ಮಾಡುತ್ತಾಳೆ, ಆ ಪ್ರಶ್ನೆ ಮತ್ತೆ ಕೇಳುವುದಿಲ್ಲ. ನನ್ನ ಕೂಸಿನ ಅಪ್ಪ ಹೊರಗಿನವರು, ಆದರೂ ನಂಜು ಬಂತು. ಅಲ್ಲಿಗೆ ತನ್ನ ತಮ್ಮ ತಪ್ಪಿನಿಂದ ಪಾರಾದ, ಉಳಿದವಳು ತಾನೊಬ್ಬಳೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಾಳೆ. ಮಾವನೊಂದಿಗೆ ಈಗ ಮಾತಾಡುತ್ತಾಳೆ.